ಪತ್ರಕರ್ತನ ಅನ್ನದ ಋಣ

ದಾನವನ್ನು ಕುರಿತ ಭಾರತೀಯ ಚಿಂತನೆ ಕೊಡುವವನ ಮನೋಧರ್ಮವನ್ನು ವಿಚಾರಿಸಿದಷ್ಟು ಆಳವಾಗಿ ಪಡೆದವನ ಮುಂದಿನ ಬಾಳನ್ನು ವಿಚಾರಿಸಿಲ್ಲ. ಪ್ರತ್ಯುಪಕಾರ ಮಾಡಲಾರದವನಿಗೆ, ದೇಶ, ಕಾಲ, ಪಾತ್ರಗಳನ್ನು ನೋಡಿ, ಕೊಡತಕ್ಕದ್ದೆಂಬ ಒಂದೇ ಕಾರಣಕ್ಕೆ ಕೊಡುವುದು ಸಾತ್ತ್ವಿಕ ದಾನವೆಂದು ಭಗವದ್ಗೀತೆಯ 17ನೆಯ ಅಧ್ಯಾಯ ಲಕ್ಷಣ ಹೇಳುತ್ತದೆ. ಪಡೆದವನು ಕೃತಜ್ಞನಾಗಿರಬೇಕೇ ಎಂಬುದನ್ನು ಮಾತ್ರ ಈ ಲಕ್ಷಣ ಬಿಡಿಸಿ ಹೇಳುವುದಿಲ್ಲ. ಬಡ ವಿದ್ಯಾರ್ಥಿಯೊಬ್ಬನು ಧರ್ಮಾರ್ಥ ನಿಧಿಯೊಂದರ ನೆರವಿನಿಂದ ವೈದ್ಯನೋ ಎಂಜಿನಿಯರನೋ ಆದರೆ ಈ ಮೌನದಿಂದ ತೊಂದರೆಯಿಲ್ಲ, ಏಕೆಂದರೆ ಅವನು ದಾನಿಯನ್ನು ಸಾಯುವತನಕ ಕೊಂಡಾಡಿದರೂ ಅವನ ಔಷಧಕ್ಕಾಗಲಿ ಸೇತುವೆಗಾಗಲಿ ಕುಂದು ಬರುವುದಿಲ್ಲ. ಪತ್ರಕರ್ತನಾಗಲು ಹೊರಟವನಿಗೆ ಅದೇ ನೆರವು ದೊರೆತಾಗ ಪ್ರಶ್ನೆ ತೊಡಕಾಗುತ್ತದೆ: ಕಂಡದ್ದನ್ನು ಕಂಡಂತೆ ಹೇಳುವುದೇ ಯಾರ ಕಸುಬೋ ಅವನಲ್ಲಿ ಕೃತಜ್ಞತೆಯು ಗುಣವೋ ದೋಷವೋ?

ಅನ್ನಕ್ಕೂ ಮಾತಿಗೂ ಇರುವ ಈ ಬಿಕ್ಕಟ್ಟನ್ನು ಮಹಾಭಾರತ ಬಲ್ಲದು. ಯುದ್ಧಾರಂಭಕ್ಕೆ ಮುನ್ನ ಕವಚ ಕಳಚಿ, ಕಾಲ್ನಡಿಗೆಯಲ್ಲಿ ಬಂದು ಆಶೀರ್ವಾದ ಬೇಡಿದ ಯುಧಿಷ್ಠಿರನಿಗೆ ಭೀಷ್ಮ, ದ್ರೋಣ, ಕೃಪ, ಶಲ್ಯರು ಒಬ್ಬರಾದ ಮೇಲೊಬ್ಬರು ಹೇಳುವುದು ಒಂದೇ ಮಾತು: ಕೌರವರು ತಮ್ಮನ್ನು ಅರ್ಥದಿಂದ ಕಟ್ಟಿಹಾಕಿದ್ದಾರೆ. ಧರ್ಮ ಯಾವ ಕಡೆಗಿದೆಯೆಂಬುದು ಆ ನಾಲ್ವರಿಗೂ ತಿಳಿಯದ ಸಂಗತಿಯಲ್ಲ. ತಿಳಿದದ್ದರಂತೆ ನಡೆಯುವ ಸ್ವಾತಂತ್ರ್ಯ ಅವರಿಗೆ ಉಳಿದಿರಲಿಲ್ಲ. ಕನ್ನಡ ನಾಡಿನ ಕಾವ್ಯ, ಶಾಸನಗಳು ಜೋಳವಾಳಿ ಎಂದು ಕರೆದದ್ದು, ಅಂದರೆ ಉಂಡ ಜೋಳಕ್ಕಾಗಿ ಒಡೆಯನಿಗೆ ಪ್ರಾಣವನ್ನೇ ಒಪ್ಪಿಸಬೇಕೆಂಬ ಕಟ್ಟುಪಾಡು, ಇದೇ ಬಂಧನವನ್ನು ವೀರಧರ್ಮದ ಶಿಖರಕ್ಕೆ ಏರಿಸಿತು. ಪಂಪನ ಕರ್ಣನು ಓದುಗರ ಮನಸ್ಸನ್ನು ಗೆಲ್ಲುವುದು ದುರ್ಯೋಧನನ ಋಣವನ್ನು ಮರೆಯದ ನಿಷ್ಠೆಯಿಂದ. ಆ ಕರ್ಣನನ್ನು ಚಿತ್ರಿಸಿದ ಪಂಪನಾದರೋ ತನ್ನ ದೊರೆ ಅರಿಕೇಸರಿಯಿಂದ ಅಗ್ರಹಾರ ಪಡೆದು, ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸಿ ಕಾವ್ಯ ಕಟ್ಟಿದವನು. ಯೋಧನಿಗೂ ಆಸ್ಥಾನಕವಿಗೂ ಒಪ್ಪುವ ಈ ನಿಷ್ಠೆ ಪತ್ರಕರ್ತನಿಗೆ ಒಪ್ಪದು. ಅವನು ಇರಬೇಕಾದದ್ದು ಭೀಷ್ಮನ ಜಾಗದಲ್ಲಲ್ಲ, ಯಾರ ಪಾಲಿನ ಅನ್ನವನ್ನೂ ಉಣ್ಣದೆ ಯುದ್ಧವನ್ನು ವರದಿ ಮಾಡುವವನ ಜಾಗದಲ್ಲಿ. ಧೃತರಾಷ್ಟ್ರನ ಸೂತನಾಗಿ ಅವನಿಗೆ ಯುದ್ಧವನ್ನು ವರದಿ ಮಾಡಿದ ಸಂಜಯನಿಗೂ ಅಂಥ ಅನುಕೂಲ ಇರಲಿಲ್ಲವೆಂಬುದು ಬೇರೆ ಮಾತು.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ದೊಡ್ಡ ಮೊತ್ತದೊಂದಿಗೆ ಎದುರಿಸಿದವನು ಜೋಸೆಫ್ ಪುಲಿಟ್ಜರ್. ಹಂಗೇರಿಯಲ್ಲಿ 1847ರಲ್ಲಿ ಹುಟ್ಟಿ, 1864ರಲ್ಲಿ ಅಮೆರಿಕದ ಅಂತರ್ಯುದ್ಧಕ್ಕೆ ಸೈನಿಕನಾಗಿ ಬಂದು, ಸೇಂಟ್ ಲೂಯಿಸ್ ನಗರದ ಜರ್ಮನ್ ಪತ್ರಿಕೆಯೊಂದರಲ್ಲಿ ವರದಿಗಾರನಾಗಿ ಮೇಲೆ ಬಂದ ಈತ, 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯನ್ನು ಕೊಂಡು, ಮುಂದಿನ ದಶಕದಲ್ಲಿ ಎದುರಾಳಿ ಪತ್ರಿಕೆಯ ಒಡೆಯ ಹರ್ಸ್ಟ್‌ನೊಂದಿಗೆ ಪೈಪೋಟಿಗಿಳಿದು, ರೋಚಕತೆಯನ್ನೇ ಬಂಡವಾಳ ಮಾಡಿಕೊಂಡ ‘ಹಳದಿ ಪತ್ರಿಕೋದ್ಯಮ’ಕ್ಕೆ ಹೆಸರು ತಂದವನು. ಅವನೇ ಪತ್ರಕರ್ತರನ್ನು ತಯಾರಿಸುವ ಶಾಲೆಗಾಗಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 20 ಲಕ್ಷ ಡಾಲರುಗಳ ದತ್ತಿಯನ್ನು ಗೊತ್ತುಮಾಡಿದನು. ಅಲ್ಲಿ ಓದಿ ಮುಗಿಸಿದವರಲ್ಲಿ ಕೆಲವರು ಯೂರೋಪಿಗೆ ಹೋಗಿ ಅಧ್ಯಯನ ಮಾಡಲು ವಿದ್ಯಾರ್ಥಿವೇತನಗಳನ್ನೂ ಉಯಿಲಿನಲ್ಲಿ ಸೇರಿಸಿದನು. ಶಾಲೆಯ ಸಲಹಾ ಮಂಡಳಿಯಲ್ಲಿ ಯಾರಿರಬೇಕೆಂಬುದರ ಮೇಲೆ ವಿಶ್ವವಿದ್ಯಾಲಯದ ಅಧ್ಯಕ್ಷ ಬಟ್ಲರನಿಗೂ ಅವನಿಗೂ ಜಗಳ ಹತ್ತಿ, ಕಡೆಗೆ ತಾನು ಸತ್ತ ಮೇಲೆಯೇ ಶಾಲೆ ತೆರೆಯಲೆಂದು ಪುಲಿಟ್ಜರ್ ಅದನ್ನು ಮುಂದೂಡಿದನು. ಅವನು ತೀರಿಕೊಂಡದ್ದು 1911ರಲ್ಲಿ, ಶಾಲೆ ತೆರೆದದ್ದು 1912ರಲ್ಲಿ. ಹಟಮಾರಿತನದಿಂದ ಹುಟ್ಟಿದ ಈ ವಿಳಂಬ ದಾನಕ್ಕೆ ಒಳ್ಳೆಯದನ್ನೇ ಮಾಡಿತು. ವಿದ್ಯಾರ್ಥಿಗಳು ಒಳಗೆ ಕಾಲಿಟ್ಟಾಗ ಕೃತಜ್ಞತೆಯನ್ನು ಒಪ್ಪಿಸಿಕೊಳ್ಳಬೇಕಾದವನೇ ಇರಲಿಲ್ಲ.

ಧರ್ಮಶಾಸ್ತ್ರದ ದೃಷ್ಟಿಯಲ್ಲಿ ದಾನವೆಂದರೆ ವಸ್ತುವಿನ ಮೇಲಿನ ತನ್ನ ಒಡೆತನವನ್ನು ಕಳೆದುಕೊಂಡು ಮತ್ತೊಬ್ಬನ ಒಡೆತನವನ್ನು ಉಂಟುಮಾಡುವುದು. ಕೊಟ್ಟ ಮೇಲೂ ಕೊಟ್ಟವನ ಹಿಡಿತದಲ್ಲಿ ಉಳಿದದ್ದು ಈ ಅರ್ಥದಲ್ಲಿ ದಾನವೇ ಅಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ್ದು ಇದಕ್ಕೆ ತದ್ವಿರುದ್ಧ: ಯಾವ ಕೊಡುಗೆಯೂ ಬರಿಗೈಯಲ್ಲಿ ಬರುವುದಿಲ್ಲ, ಕೊಡುವುದು, ಪಡೆಯುವುದು, ಮರಳಿಸುವುದು ಈ ಮೂರೂ ಒಂದೇ ಕಟ್ಟುಪಾಡಿನ ಮುಖಗಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಶಾಸ್ತ್ರ ಹೇಳುವುದು ದಾನ ಹೇಗಿರಬೇಕೆಂಬುದನ್ನು, ಮಾಸ್ ಹೇಳುವುದು ಅದು ವಾಸ್ತವವಾಗಿ ಹೇಗಿರುತ್ತದೆಂಬುದನ್ನು. ಈ ಅಂತರವನ್ನು ಶಾಸ್ತ್ರಕಾರರೂ ಬಲ್ಲವರಾಗಿದ್ದರು. ಇಲ್ಲವಾದರೆ ಪ್ರತಿಗ್ರಹದಿಂದ, ಅಂದರೆ ದಾನವನ್ನು ಸ್ವೀಕರಿಸುವುದರಿಂದ, ಬ್ರಾಹ್ಮಣನ ತೇಜಸ್ಸು ಕುಂದುತ್ತದೆಂದು ಮನುಸ್ಮೃತಿ ಎಚ್ಚರಿಸುತ್ತಿರಲಿಲ್ಲ.

ಕೊಟ್ಟವನ ಹಿಡಿತವನ್ನು ತಪ್ಪಿಸಲು ಧಾರ್ಮಿಕ ಪರಂಪರೆಗಳು ಕಂಡುಕೊಂಡ ದಾರಿ ಗುಪ್ತದಾನ. 12ನೆಯ ಶತಮಾನದ ಯೆಹೂದಿ ತತ್ತ್ವಜ್ಞ ಮೈಮೋನಿಡಿಸ್ ದಾನದ ಎಂಟು ಮೆಟ್ಟಿಲುಗಳನ್ನು ಎಣಿಸಿ, ಬಡವನಿಗೆ ಸಾಲವನ್ನೋ ಕೆಲಸವನ್ನೋ ಒದಗಿಸಿ ಅವನು ಮುಂದೆ ಯಾರಲ್ಲೂ ಬೇಡದಂತೆ ಮಾಡುವುದನ್ನು ಮೊದಲನೆಯದಾಗಿಯೂ ಕೊಟ್ಟವನು, ಪಡೆದವನು ಇಬ್ಬರೂ ಪರಸ್ಪರ ಅಪರಿಚಿತರಾಗಿರುವುದನ್ನು ಎರಡನೆಯದಾಗಿಯೂ ಇಟ್ಟನು. ವಿದ್ಯಾರ್ಥಿವೇತನ ಮೊದಲನೆಯದಕ್ಕೆ ಹತ್ತಿರದ್ದು. ಆದರೆ ಪತ್ರಿಕಾವೃತ್ತಿಯ ಮಟ್ಟಿಗೆ ಎರಡನೆಯ ಮೆಟ್ಟಿಲು ಜಾರುವಂಥದು, ಏಕೆಂದರೆ ಯಾರ ಹಣದಿಂದ ಪತ್ರಕರ್ತನು ತಯಾರಾದನೆಂಬುದನ್ನು ತಿಳಿಯುವ ಹಕ್ಕು ಓದುಗನಿಗಿದೆ. ದಾನಿಯ ವಿನಯವೆಂದು ಬೇರೆಡೆ ಮೆಚ್ಚುಗೆ ಪಡೆಯುವ ಅಜ್ಞಾತವಾಸ ಇಲ್ಲಿ ಸಂಶಯಕ್ಕೆ ಎಡೆಗೊಡುತ್ತದೆ. ಮೈಮೋನಿಡಿಸನ ನಾಲ್ಕನೆಯ ಮೆಟ್ಟಿಲಿನಲ್ಲಿ ಪಡೆದವನಿಗೆ ಕೊಟ್ಟವನು ಗೊತ್ತು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ. ಹಿಂದಿನ ಕೆಲವು ಪಂಡಿತರು ಬಟ್ಟೆಯಲ್ಲಿ ನಾಣ್ಯಗಳನ್ನು ಗಂಟುಕಟ್ಟಿ ಬೆನ್ನ ಹಿಂದೆ ಇಳಿಬಿಟ್ಟು ನಡೆಯುತ್ತಿದ್ದರು, ಬಡವರು ಹಿಂದಿನಿಂದ ಬಂದು ತೆಗೆದುಕೊಳ್ಳುತ್ತಿದ್ದರು ಎಂದು ಅವನು ಉದಾಹರಿಸುತ್ತಾನೆ. ಪತ್ರಿಕೋದ್ಯಮದ ವಿದ್ಯಾರ್ಥಿವೇತನಕ್ಕೆ ಈ ಕೆಳಗಿನ ಮೆಟ್ಟಿಲೇ ಮೇಲಿನದು.

ಹಣದ ಮೂಲ ಇನ್ನೊಂದು ಪ್ರಶ್ನೆ. ನಾರದಸ್ಮೃತಿ ಧನವನ್ನು ಶುಕ್ಲ, ಶಬಲ, ಕೃಷ್ಣ, ಎಂದರೆ ಬಿಳಿ, ಮಿಶ್ರ, ಕಪ್ಪು ಎಂದು ಗಳಿಸಿದ ರೀತಿಯಿಂದ ವಿಭಾಗಿಸುತ್ತದೆ. ಪುಲಿಟ್ಜರನ ಡಾಲರುಗಳು ಶಬಲವೆನ್ನಬಹುದೇ ಹೊರತು ಶುಕ್ಲವೆನ್ನುವುದು ಕಷ್ಟ. ಶುಕ್ಲಧನಕ್ಕಾಗಿಯೇ ಕಾದಿದ್ದರೆ ಬಹುಶಃ ಯಾವ ಪತ್ರಿಕಾ ಶಾಲೆಯೂ ತೆರೆಯುತ್ತಿರಲಿಲ್ಲ.

ಇನ್ನು ಪಾತ್ರತೆ. ಶಾಸ್ತ್ರಗಳು ಕುಲ, ವಿದ್ಯೆ, ಶೀಲಗಳಿಂದ ಪಾತ್ರನನ್ನು ಅಳೆದವು. ಇಂದಿನ ಆಯ್ಕೆ ಸಮಿತಿಗಳು ಅಂಕಗಳಿಂದಲೂ ಆದಾಯ ಪ್ರಮಾಣಪತ್ರದಿಂದಲೂ ಅಳೆಯುತ್ತವೆ. ಎರಡೂ ಅಳತೆಗಳು ವಿದ್ಯಾರ್ಥಿಯ ಕೊರತೆಯನ್ನೋ ಹಿರಿಮೆಯನ್ನೋ ಕಾಣುತ್ತವೆಯೇ ಹೊರತು ಓದುಗನ ಕೊರತೆಯನ್ನು ಕಾಣುವುದಿಲ್ಲ. 1996ರ ನವೆಂಬರಿನಲ್ಲಿ ಪತ್ರಕರ್ತ ಬಿ.ಎನ್. ಉನಿಯಾಲ್ ‘ಪಯೊನಿಯರ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ಈ ಕೊರತೆಯನ್ನು ಬಯಲಿಗೆಳೆಯಿತು: ವಿದೇಶಿ ವರದಿಗಾರನೊಬ್ಬನು ದಲಿತ ಪತ್ರಕರ್ತನನ್ನು ಭೇಟಿ ಮಾಡಿಸೆಂದು ಕೇಳಿದಾಗ, ದೆಹಲಿಯ ಮಾನ್ಯತೆ ಪಡೆದ ಪತ್ರಕರ್ತರ ಪಟ್ಟಿಯಲ್ಲಿ ಹುಡುಕಿಯೂ ಉನಿಯಾಲರಿಗೆ ಒಬ್ಬರೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ 2005ರಲ್ಲಿ ಆರಂಭವಾದ ‘ಜರ್ನಲಿಸಂ ಡೈವರ್ಸಿಟಿ ಫಂಡ್’ ಹಣವಿಲ್ಲದ, ಸುದ್ದಿಮನೆಗಳಲ್ಲಿ ವಿರಳವಾದ ಹಿನ್ನೆಲೆಗಳ ಅಭ್ಯರ್ಥಿಗಳಿಗೆ ತರಬೇತಿಯ ವೆಚ್ಚ ಕೊಡುವುದೂ ಇಂಥದೇ ಕೊರತೆಯನ್ನು ಮನಗಂಡು. ಹೀಗೆ ನೋಡಿದಾಗ ವಿದ್ಯಾರ್ಥಿವೇತನದ ನಿಜವಾದ ಪ್ರತಿಗ್ರಾಹಿ ಓದುಗ ಸಮುದಾಯ. ವಿದ್ಯಾರ್ಥಿಯು ಆ ದಾನ ತಲುಪುವ ದಾರಿ; ಋಣಿಯಾಗಿರುವವರು ಕಾಣದೆ ಹೋಗುತ್ತಿದ್ದುದನ್ನು ಅವನ ಕಣ್ಣಿನಿಂದ ಕಂಡವರು.

ವಿದ್ಯಾರ್ಥಿಗೂ ಋಣವೆಂಬುದು ಉಂಟು, ಆದರೆ ಅದು ಬೇರೆ ಬಗೆಯದು. ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆ ಬ್ರಾಹ್ಮಣನನ್ನು ಕುರಿತು ಹೇಳಿದ್ದನ್ನು ಶತಪಥ ಬ್ರಾಹ್ಮಣವು ಇರುವವರೆಲ್ಲರಿಗೂ ಹಿಗ್ಗಿಸಿ, ಮನುಷ್ಯರ ಋಣವೆಂಬ ನಾಲ್ಕನೆಯದನ್ನೂ ಕೂಡಿಸುತ್ತದೆ. ಋಷಿಋಣದ ವೈಶಿಷ್ಟ್ಯವೆಂದರೆ ಅದು ಋಷಿಗೆ ಮರಳುವುದಿಲ್ಲ. ಅಧ್ಯಯನ ಮಾಡಿ, ಕಲಿತದ್ದನ್ನು ಮುಂದಿನವರಿಗೆ ದಾಟಿಸುವುದರಿಂದ ತೀರುತ್ತದೆ. ಋಣ ಹೀಗೆ ತೀರಿದ್ದಕ್ಕೆ ಒಂದು ನಿದರ್ಶನವಿದೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಭೀಮರಾವ್ ಅಂಬೇಡ್ಕರರು 1913ರಲ್ಲಿ ಅದೇ ಕೊಲಂಬಿಯಾಕ್ಕೆ ಹೋದದ್ದು ಪತ್ರಿಕೋದ್ಯಮ ಕಲಿಯಲು ಅಲ್ಲ. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಆ ವೇತನಕ್ಕಿತ್ತು. 1917ರಲ್ಲಿ ಬರೋಡಕ್ಕೆ ಹೋದ ಅವರಿಗೆ ಅಸ್ಪೃಶ್ಯತೆಯ ಕಾರಣ ತಂಗಲು ಜಾಗವೇ ಸಿಗದೆ, ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟು ಬರಬೇಕಾಯಿತು. ಕರಾರು ಮುರಿಯಿತು, ಮುರಿದದ್ದು ಊರು. 1920ರ ಜನವರಿ 31ರಂದು, ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ, ಅವರು ‘ಮೂಕನಾಯಕ’ ಪಾಕ್ಷಿಕವನ್ನು ಹೊರಡಿಸಿದರು. ಬರೋಡಕ್ಕೆ ಸಲ್ಲಬೇಕಾಗಿದ್ದ ಹತ್ತು ವರ್ಷ, ಬಾಯಿಲ್ಲದವರಿಗೆ ಬಾಯಾಗುವುದರಲ್ಲಿ ಸಂದಿತು ಎನ್ನುವುದಾದರೆ, ಬರೋಡದ ದಾನ ಅದರ ಕರಾರಿಗಿಂತ ದೊಡ್ಡದಾಗಿತ್ತೆಂದೇ ಹೇಳಬೇಕು.

ಋಣ ದಾನಿಗೆ ಮರಳಬೇಕಿಲ್ಲವೆಂಬ ಈ ವಾದಕ್ಕೊಂದು ಆಕ್ಷೇಪವುಂಟು: ಉಂಡ ಮನೆಯ ನೆನಪೇ ಇಲ್ಲದವನ ಬರೆಹದಲ್ಲಿ ಮನುಷ್ಯತ್ವ ಉಳಿದೀತೆ? ಶರಣರ ದಾಸೋಹದ ಕಲ್ಪನೆ ಇದಕ್ಕೆ ಉತ್ತರವಾಗಬಲ್ಲದು. ಅಲ್ಲಿ ನೀಡುವವನು ತಾನು ಕೊಟ್ಟೆನೆಂಬ ಭಾವವನ್ನು ಬಿಟ್ಟು, ಜಂಗಮದ ಸ್ವತ್ತನ್ನು ಜಂಗಮಕ್ಕೆ ಸಲ್ಲಿಸುವ ದಾಸನಾಗುತ್ತಾನೆ; ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸಿದವನ ಬಗ್ಗೆ ಪ್ರೀತಿ ಇರಬಹುದು, ಬಡಿಸಿದವನಿಗೆ ಆ ಪ್ರೀತಿಯ ಮೇಲೆ ಹಕ್ಕಿಲ್ಲ. ದಾನಿಯ ಮೇಲಿನ ಗೌರವವನ್ನು ಎದೆಯಲ್ಲಿಟ್ಟುಕೊಂಡೇ ಅವನ ಕಾರ್ಖಾನೆಯ ಹೊಲಸು ನೀರಿನ ವರದಿ ಬರೆಯುವುದು ಅಸಾಧ್ಯವಲ್ಲ. ಕಷ್ಟದ್ದು, ಮತ್ತು ಹೊಸಬರಿಗೆ ಹೆಚ್ಚು ಕಷ್ಟದ್ದು.

ಅದಕ್ಕಾಗಿಯೇ ಇದನ್ನು ವಿದ್ಯಾರ್ಥಿಯ ಅಂತಃಕರಣಕ್ಕೆ ಮಾತ್ರ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ವೇತನವನ್ನು ವರ್ಷವರ್ಷವೂ ದಾನಿಯ ಇಷ್ಟದಂತೆ ಮುಂದುವರಿಸುವ ನಿಧಿಯು ಒಡೆತನವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ; ಓದಿನ ಇಡೀ ಅವಧಿಯ ಹಣವನ್ನು ಮೊದಲೇ ಶಾಲೆಯ ಲೆಕ್ಕಕ್ಕೆ ಸೇರಿಸಿ, ಆಯ್ಕೆಯನ್ನು ದಾನಿಗೆ ಸಂಬಂಧಿಸದವರಿಗೆ ವಹಿಸಿದಾಗಲೇ ಅದು ಶಾಸ್ತ್ರದ ಅರ್ಥದಲ್ಲಿ ದಾನವಾಗುವುದು. ಮನುಸ್ಮೃತಿಯ ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ರಾಜನ ಮುಂದೆ ದಾವೆಗೆ ಬರತಕ್ಕ ವಿಷಯಗಳಲ್ಲಿ, ಕೊಟ್ಟದ್ದಕ್ಕೆ ತಪ್ಪಿ ನಡೆಯುವುದೂ ಒಂದು. ಮೆಚ್ಚದ ವರದಿ ಬರೆದನೆಂದು ಎರಡನೆಯ ವರ್ಷದ ವೇತನವನ್ನು ತಡೆಹಿಡಿಯುವ ದಾನಿಯನ್ನು ಆ ಸ್ಮೃತಿಕಾರರು ನೋಡುತ್ತಿದ್ದುದು ಧರ್ಮದ ಪ್ರಕರಣದಲ್ಲಿ ಅಲ್ಲ, ಈ ಪ್ರಕರಣದಲ್ಲಿ.