ಬೆಳ್ಳಿತೆರೆಗೆ ಕೈಮುಗಿಯುವುದು

2025ನೆಯ ಇಸವಿಯ ಜೂನ್ ತಿಂಗಳ ಕೊನೆಗೂ ಅಕ್ಟೋಬರ್ ತಿಂಗಳ ಆದಿಗೂ ನಡುವಣ ಅಲ್ಪಾವಧಿಯಲ್ಲಿ, ದೇವರನ್ನು ಅಥವಾ ದೈವವನ್ನು ನೇರವಾಗಿ ವಸ್ತುವನ್ನಾಗಿ ಮಾಡಿಕೊಂಡ ಮೂರು ಚಲನಚಿತ್ರಗಳು ಒಂದರ ಹಿಂದೊಂದು ತೆರೆಕಂಡುವು: ಕಾಳಹಸ್ತಿಯ ಬೇಡನ ಕಥೆಯನ್ನು ಹೇಳುವ ತೆಲುಗಿನ ‘ಕಣ್ಣಪ್ಪ’, ಪ್ರಹ್ಲಾದಚರಿತ್ರೆಯನ್ನು ಆದ್ಯಂತವಾಗಿ ಅನಿಮೇಷನ್ನಿನಲ್ಲಿಯೇ ಚಿತ್ರಿಸಿದ ‘ಮಹಾವತಾರ ನರಸಿಂಹ’, ಕರಾವಳಿಯ ದೈವಾರಾಧನೆಯ ಪೂರ್ವಕಥೆಯನ್ನು ಕದಂಬರ ಕಾಲಕ್ಕೆ ಒಯ್ದು ಕಲ್ಪಿಸಿಕೊಂಡ ‘ಕಾಂತಾರ: ಅಧ್ಯಾಯ 1’. ನಾನು ಚಲನಚಿತ್ರವಿಮರ್ಶಕನಲ್ಲ, ಮಧುಗಿರಿಯ ಕಡೆಯ ಸಾಮಾನ್ಯ ಜನರಂತೆ, ಕೆಲಸ ಬಿಡುವಾದಾಗ, ನೆಂಟರಿಷ್ಟರು ಕರೆದಾಗ, ಚಿತ್ರಮಂದಿರಕ್ಕೆ ಹೋಗಿ ಬರುವವನು. ಈ ಮೂರನ್ನೂ ನೋಡಿ ಬಂದ ಮೇಲೆ, ಯಾವುದು ಚೆನ್ನು ಯಾವುದು ಸಾಧಾರಣ ಎಂಬ ವಿಚಾರಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಪ್ರಶ್ನೆಯೊಂದಿದೆ: ತೆರೆಯ ಮೇಲೆ ದೇವರು ಕಾಣಿಸಿಕೊಂಡಾಗ ಕತ್ತಲೆಯಲ್ಲಿ ಕುಳಿತವನು ಕೈಮುಗಿದರೆ, ಆ ನಮಸ್ಕಾರ ಯಾರಿಗೆ ಸಲ್ಲುತ್ತದೆ?

‘ಕಣ್ಣಪ್ಪ’ ಚಿತ್ರವನ್ನು ನಾನು ನೋಡಿದುದು ಪಾವಗಡದ ನೆಂಟರ ಜೊತೆಯಲ್ಲಿ. ಮೂರು ದಿಕ್ಕಿನಲ್ಲಿಯೂ ಆಂಧ್ರಪ್ರದೇಶವನ್ನೇ ನೆರೆಯಾಗಿ ಉಳ್ಳ ಆ ತಾಲ್ಲೂಕಿನ ಜನಕ್ಕೆ ತೆಲುಗು ಚಿತ್ರ ಪರಭಾಷೆಯದೆಂದು ಅನ್ನಿಸುವುದೇ ಇಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ವೃದ್ಧೆಯೊಬ್ಬರು, ಲಿಂಗದ ಕಣ್ಣಿನಿಂದ ರಕ್ತ ಒಸರುವ ಸನ್ನಿವೇಶ ಬರುವುದಕ್ಕೆ ಮೊದಲೇ, ಚಪ್ಪಲಿಯನ್ನು ಕುರ್ಚಿಯ ಕೆಳಕ್ಕೆ ಸರಿಸಿ, ಸೆರಗನ್ನು ಹೊದ್ದುಕೊಂಡು, ಕೈಜೋಡಿಸಿ ಕುಳಿತುಬಿಟ್ಟರು. ಮೊಮ್ಮಗ ಒಮ್ಮೆ ಅಜ್ಜಿಯ ಕೈಗಳನ್ನೂ ಒಮ್ಮೆ ಪರದೆಯನ್ನೂ ನೋಡುತ್ತ, ತಾನೂ ಮುಗಿಯಬೇಕೋ ಬೇಡವೋ ಎಂಬುದು ತಿಳಿಯದೆ, ಕೊನೆಗೆ ಒಂದು ಕೈಯನ್ನು ಮಾತ್ರ ಎದೆಯ ಬಳಿಗೆ ತಂದುಕೊಂಡ. ಆ ಹುಡುಗನ ಸಂದೇಹವೇ ನನ್ನದೂ ಆಯಿತು.

ನಮ್ಮ ಆಲಂಕಾರಿಕರು ಇದಕ್ಕೆ ಸಮೀಪದ ಪ್ರಶ್ನೆಯೊಂದನ್ನು ಬಹು ಹಿಂದೆಯೇ ಎತ್ತಿಕೊಂಡು ಚರ್ಚಿಸಿದ್ದಾರೆ. ರಾಮನ ವೇಷದಲ್ಲಿರುವ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಉಂಟಾಗುವ ‘ಇವನು ರಾಮ’ ಎಂಬ ಪ್ರತೀತಿ ಯಥಾರ್ಥಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಬರೆದ ಕುದುರೆಯನ್ನು ನೋಡಿ ಕುದುರೆಯೆನ್ನುವಂಥ ವಿಲಕ್ಷಣವಾದ ಪ್ರತೀತಿ ಎಂಬುದಾಗಿ ಶ್ರೀಶಂಕುಕನು ಹೇಳಿದ. ಅಭಿನವಗುಪ್ತನು ಅದನ್ನು ಖಂಡಿಸಿ ಮುಂದುವರಿದು, ನಾನು-ನನ್ನದು ಎಂಬ ಭಾವ ಕಳಚಿ ಸಾಧಾರಣೀಕೃತವಾದ ಚಿತ್ತದಲ್ಲಿ ರಸವು ಆಸ್ವಾದ್ಯವಾಗುತ್ತದೆಯೆಂದು ಪ್ರತಿಪಾದಿಸಿದ. ನಮ್ಮ ಜಿಲ್ಲೆಯವರೇ ಆದ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ವಾದಪರಂಪರೆಯನ್ನು ಎಷ್ಟು ಪ್ರಸನ್ನವಾಗಿ ತಿಳಿಸಿಕೊಟ್ಟಿದ್ದಾರೆಂದರೆ, ಸಂಸ್ಕೃತ ಬಾರದ ನನ್ನಂಥವನಿಗೂ ಅದು ದಕ್ಕಿತು. ಆದರೆ ಈ ವಿಚಾರವೆಲ್ಲ ರಸಿಕನನ್ನು ಕುರಿತದ್ದು. ರಸಿಕನು ನಾಟಕ ಮುಗಿದ ಮೇಲೆ ರಾಮನಿಗೆ ಯಾವ ಋಣವನ್ನೂ ಉಳಿಸಿಕೊಳ್ಳದೆ ಮನೆಗೆ ಹೋಗುತ್ತಾನೆ. ಮನೆಗೆ ಹೋದ ಮೇಲೆಯೂ ರಾಮನಿಗೆ ದೀಪ ಹಚ್ಚಬೇಕಾದವಳು, ಹರಕೆ ತೀರಿಸಬೇಕಾದವಳು, ಆ ಮುಂದಿನ ಸಾಲಿನ ವೃದ್ಧೆ. ರಸವು ಪ್ರದರ್ಶನದೊಡನೆ ಮುಗಿಯುತ್ತದೆ. ಭಕ್ತಿಯು ಮನುಷ್ಯನ ಮೇಲೆ ಹೊಣೆಯಾಗಿ ಉಳಿಯುತ್ತದೆ. ಇವೆರಡನ್ನೂ ಒಂದೇ ಕತ್ತಲೆಯಲ್ಲಿ, ಒಂದೇ ಕಾಲಕ್ಕೆ ಉಂಟುಮಾಡಲು ಹೊರಡುವ ಭಕ್ತಿಚಿತ್ರವು ತನಗೆ ತಾನೇ ಒಡ್ಡಿಕೊಳ್ಳುವ ಕಷ್ಟ ಸಾಮಾನ್ಯವಾದುದಲ್ಲ.

ಕಣ್ಣಪ್ಪನ ಕಥೆಯಲ್ಲಿ ಈ ಕಷ್ಟ ಪರಾಕಾಷ್ಠೆಗೆ ಮುಟ್ಟುತ್ತದೆ. ಹರಿಹರನ ರಗಳೆಯಿಂದ ಮೊದಲ್ಗೊಂಡು ಊರೂರಿನ ನಾಟಕದವರೆಗೆ ಕನ್ನಡಿಗರಿಗೆ ಪರಿಚಿತವಾದ ಈ ಕಥೆ, ಬೇಡ ನಾಯಕರ ಸಮುದಾಯ ದೊಡ್ಡದಾಗಿರುವ ನಮ್ಮ ಬೆಟ್ಟಗುಡ್ಡಗಳ ಸೀಮೆಯಲ್ಲಿ ಮನೆಯವನ ಕಥೆಯೇ ಆಗಿದೆ. ಇದರ ಶಿಖರವಾದರೂ ಯಾವುದು? ಭಕ್ತನು ತನ್ನ ಕಣ್ಣನ್ನು ಕಿತ್ತು ಕೊಡುವುದು. ಎರಡನೆಯ ಕಣ್ಣನ್ನೂ ಕೀಳಹೊರಟಾಗ ಕುರುಡನಾದ ಮೇಲೆ ಗುರುತು ಸಿಕ್ಕದೆಂದು ಲಿಂಗದ ಕಣ್ಣಿನ ಮೇಲೆ ತನ್ನ ಕಾಲನ್ನೇ ಇಟ್ಟುಕೊಳ್ಳುವುದು. ಕಣ್ಣನ್ನು ಕೊಟ್ಟುಬಿಡುವವನ ಕಥೆಯನ್ನು, ಕಣ್ಣಿಗೆ ಉಣಬಡಿಸುವುದನ್ನೇ ಧರ್ಮವಾಗಿ ಉಳ್ಳ ಕಲೆಯೊಂದು ಹೇಳಬೇಕಾಗಿದೆ! ಈ ವಿರೋಧವನ್ನು ಅರಿತ ನಿರ್ದೇಶಕನು ತೋರಿಸುವುದನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತ ಹೋಗಬೇಕಾಗಿತ್ತೆಂದು ನನಗೆ ತೋರುತ್ತದೆ. 2025ರ ಚಿತ್ರವಾದರೋ ಹೆಚ್ಚಿಸುತ್ತ ಹೋಗುತ್ತದೆ. ಬಹುಭಾಗವನ್ನು ನ್ಯೂಜಿಲೆಂಡಿನಲ್ಲಿ ಚಿತ್ರೀಕರಿಸಿರುವುದರಿಂದ ಕಾಳಹಸ್ತಿಯ ಪರಿಸರ ಹಸುರು ಹುಲ್ಲುಗಾವಲಾಗಿ, ನೀಲಿ ನೀರಾಗಿ ಕಣ್ಣು ಕೋರೈಸುತ್ತದೆ. ಪಾವಗಡದ ಜಾಲಿ, ಬಂಡೆ, ಬರಗಳ ನಡುವೆ ಬೆಳೆದವರಿಗೆ, ನೀರನ್ನು ಬಾಯಲ್ಲಿ ತುಂಬಿ ತಂದು ಅಭಿಷೇಕ ಮಾಡುವ ಬೇಡನ ಅಗತ್ಯವೇ ಆ ಸಮೃದ್ಧಿಯಲ್ಲಿ ಮಾಯವಾದಂತೆ ಅನ್ನಿಸದಿರಲಾರದು.

ಆ ಚಿತ್ರದ ಪೂರ್ವಾರ್ಧದಲ್ಲಿ ಒಂದು ನಿಜವಾದ ಧೈರ್ಯವಿದೆ. ಮುಂದೆ ಕಣ್ಣಪ್ಪನಾಗುವ ತಿಣ್ಣನನ್ನು ಅದು ನಾಸ್ತಿಕನನ್ನಾಗಿ ಮಾಡಿದೆ. ದೇವರನ್ನು ಬರಿಯ ಕಲ್ಲೆಂದು ಜರೆಯುವ ಯುವಕ ಅವನು. ಇಂದಿನ ಪ್ರೇಕ್ಷಕನ ಸಂಶಯಕ್ಕೆ ಬಾಯಿ ಕೊಟ್ಟ ಈ ಮಾರ್ಪಾಟನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದೇ ಚಿತ್ರವು ನಡುನಡುವೆ ನಮ್ಮನ್ನು ಕೈಲಾಸಕ್ಕೆ ಕರೆದೊಯ್ದು, ಹೆಸರಾಂತ ನಟನೊಬ್ಬನನ್ನು ಶಿವನಾಗಿ ಕೂರಿಸಿ, ಪಾರ್ವತಿಯೊಡನೆ ಸಂಭಾಷಿಸುವಂತೆ ಮಾಡಿದೆ. ಶಿವನು ಉಂಟು, ಭಕ್ತನನ್ನು ನೋಡುತ್ತಲೂ ಇದ್ದಾನೆ ಎಂಬುದು ಹೀಗೆ ನಮಗೆ ಮುಂಚಿತವಾಗಿಯೇ ಗೊತ್ತಾಗಿಬಿಟ್ಟ ಮೇಲೆ, ತಿಣ್ಣನು ಏನನ್ನೂ ಅರಿಯದೆ ಕಣ್ಣಿಗೆ ಬಾಣವನ್ನಿಡುವಾಗ ನಾವು ಅವನ ಜೊತೆಯಲ್ಲಿ ಇರುವುದಿಲ್ಲ. ಮೇಲೆ, ಕೈಲಾಸದಲ್ಲಿ, ಪರೀಕ್ಷಕರ ಸಾಲಿನಲ್ಲಿ ಕುಳಿತಿರುತ್ತೇವೆ. ಭಕ್ತನಿಗಿಂತ ಹೆಚ್ಚು ಬಲ್ಲವನು ಭಕ್ತಿಯಲ್ಲಿ ಪಾಲುಗಾರನಾಗುವುದು ಹೇಗೆ? 1954ರಲ್ಲಿ ಗುಬ್ಬಿ ವೀರಣ್ಣನವರ ಸಹಭಾಗಿತ್ವದಲ್ಲಿ ತಯಾರಾಗಿ, ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿ, ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ನಾಡಿಗೆ ಕೊಟ್ಟ ‘ಬೇಡರ ಕಣ್ಣಪ್ಪ’ದಲ್ಲಿ ಪವಾಡಗಳಿಲ್ಲವೆಂದಲ್ಲ, ತಾಂತ್ರಿಕವಾಗಿ ಅದು ಇಂದಿನ ಚಿತ್ರದ ಮುಂದೆ ಬಡವಾದುದೇ ಸರಿ. ಆದರೂ ಅಲ್ಲಿ ನಮ್ಮ ದೃಷ್ಟಿ ನೆಟ್ಟಿರುವುದು ಬೇಡನ ಮುಖದ ಮೇಲೆ, ಅವನ ಹಸಿವಿನ ಮೇಲೆ, ಮಡಿವಂತ ಅರ್ಚಕನಿಂದ ಅವನಿಗೆ ಬಂದ ಅವಮಾನದ ಮೇಲೆ. ಕಣ್ಣು ಕೊಡುವ ಹೊತ್ತಿಗೆ ಆ ಮುಖವನ್ನು ಬಿಟ್ಟು ಬೇರೇನೂ ನಮಗೆ ಬೇಕಾಗಿರುವುದಿಲ್ಲ.

‘ಮಹಾವತಾರ ನರಸಿಂಹ’ವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲಿ ನಟನೇ ಇಲ್ಲವಾದ್ದರಿಂದ, ಮನುಷ್ಯನೊಬ್ಬನು ದೇವರಾಗಿ ನಟಿಸುವುದರಿಂದ ಉಂಟಾಗುವ ಮುಜುಗರವೂ ಇಲ್ಲ. ಶಂಕುಕನ ಬರೆದ ಕುದುರೆ ಇಲ್ಲಿ ಅಕ್ಷರಶಃ ಬರೆದ ಸಿಂಹವಾಗಿದೆ. ಕಂಬ ಒಡೆದ ಮೇಲಿನ ಯುದ್ಧ ದೀರ್ಘವಾಗಿದೆ, ಮಕ್ಕಳು ಕೇಕೆ ಹಾಕಿ ನೋಡಿದರು. ಆದರೆ ಕಂಬ ಒಡೆಯಬೇಕಾದ ಅವಶ್ಯಕತೆ ಪ್ರಹ್ಲಾದನಿಗೆ ಎಂದೂ ಇರಲಿಲ್ಲ. ‘ಎಲ್ಲಿದ್ದಾನೆ, ತೋರಿಸು’ ಎಂದು ಹಟ ಹಿಡಿದವನು ಹಿರಣ್ಯಕಶಿಪು. ದೇವರನ್ನು ಇನ್ನಷ್ಟು ಸ್ಪಷ್ಟವಾಗಿ, ಇನ್ನಷ್ಟು ಭೀಕರವಾಗಿ ತೋರಿಸಬೇಕೆಂದು ಚಿತ್ರದಿಂದ ಬಯಸುವಾಗ ನಾವು ಯಾರ ಪಕ್ಷದಲ್ಲಿ ನಿಂತಿದ್ದೇವೆಂಬುದನ್ನು ಆಲೋಚಿಸಬೇಕು. ತಂಜಾವೂರಿನ ಬಳಿಯ ಮೇಲಟ್ಟೂರಿನಲ್ಲಿ ಇಂದಿಗೂ ನಡೆಯುವ ಭಾಗವತಮೇಳ ನಾಟಕದಲ್ಲಿ ನರಸಿಂಹನ ಮುಖವಾಡಕ್ಕೆ ದೇವಾಲಯದಲ್ಲಿ ಪೂಜೆ ಸಲ್ಲುತ್ತದೆ. ಅದನ್ನು ಧರಿಸುವವನು ಉಪವಾಸವಿರುತ್ತಾನೆ. ಧರಿಸಿದ ಮೇಲೆ ಅವನನ್ನು ಇತರರು ಹಿಡಿದುಕೊಂಡಿರಬೇಕಾಗುತ್ತದೆ. ಅಲ್ಲಿ ದೇವರು ಕಾಣಿಸಿಕೊಳ್ಳುವುದಕ್ಕೆ ಮನುಷ್ಯನು ಮೊದಲು ಏನನ್ನೋ ತೆರಬೇಕು.

ಇದೇ ಮಾತು ‘ಕಾಂತಾರ’ಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ರಿಷಬ್ ಶೆಟ್ಟಿಯವರ ಆವೇಶದ ಅಭಿನಯ ನನ್ನ ಮೈಯನ್ನು ನಡುಗಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ಈಚಿನ ಚಿತ್ರಗಳಲ್ಲಿ ಅಂಥ ಪ್ರಭಾವವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಲ್ಲಲ್ಲಿ ಪ್ರೇಕ್ಷಕರು ದೈವದ ವೇಷ ತೊಟ್ಟು, ಕೂಗು ಹಾಕಿ, ಚಿತ್ರಮಂದಿರಗಳಲ್ಲಿಯೇ ಕುಣಿಯತೊಡಗಿದಾಗ, ಹಾಗೆ ಅನುಕರಿಸಬೇಡಿರೆಂದು ಚಿತ್ರದ ತಯಾರಕರೇ ವಿನಂತಿಸಿಕೊಳ್ಳಬೇಕಾಯಿತು. ಆ ಯುವಕರು ದುಷ್ಟರೆಂದು ನಾನು ತಿಳಿಯುವುದಿಲ್ಲ. ಅವರಿಗೆ ಆದುದು ರಸಾನುಭವ, ಉತ್ಕಟವಾದ ರಸಾನುಭವ. ಅದನ್ನೇ ಅವರು ಆವೇಶವೆಂದು ಭಾವಿಸಿದರು. ಆವೇಶಕ್ಕೆ ಮೊದಲು ಇರಬೇಕಾದ ಮನೆತನದ ಕಟ್ಟಳೆ, ವ್ರತ, ನೆಲದ ಒಪ್ಪಿಗೆ, ಆಮೇಲೆ ಉಳಿಯಬೇಕಾದ ನ್ಯಾಯ ಹೇಳುವ ಹೊಣೆ, ಇವು ಯಾವುವೂ ಟಿಕೀಟಿನೊಡನೆ ಅವರ ಕೈಗೆ ಬಂದಿರಲಿಲ್ಲ.

ಇದು ಕರಾವಳಿಯ ಮಾತು ಮಾತ್ರವಲ್ಲ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರಿಗೆ ಅದು ಪರಮಪವಿತ್ರ. ದನ ಕಾಯುವ ವೀರನಾಗಿ ಬಾಳಿ ದೈವವಾದ ಜುಂಜಪ್ಪನ ಕಥೆಯನ್ನು ಉದ್ದನೆಯ ಬಿದಿರಿನ ಗಣೆಯನ್ನೂದುತ್ತ ಅವರು ಹಾಡುತ್ತಾರೆ, ಮತ್ತು ಆ ಗಣೆಯನ್ನು ಬರಿಯ ವಾದ್ಯವೆಂದು ಅವರು ಎಣಿಸುವುದಿಲ್ಲ. ಪಾವಗಡದ ಶನೈಶ್ಚರನ ಗುಡಿಗೆ ಶನಿವಾರ ಬಂದು ಎಳ್ಳುಬತ್ತಿ ಹಚ್ಚುವವರನ್ನೂ, ಹಳ್ಳಿಯ ಮನೆಗಳಲ್ಲಿ ಶನಿಮಹಾತ್ಮೆಯ ಕಥೆ ಓದಿಸುವವರನ್ನೂ ನಾನು ನೋಡುತ್ತ ಬಂದಿದ್ದೇನೆ. ಕಥೆ ಓದಿಸುವ ಮನೆಯವರು ಹಗಲೆಲ್ಲ ಉಪವಾಸವಿರುತ್ತಾರೆ; ರಾತ್ರಿ ಒಬ್ಬರು ಪದ್ಯವನ್ನು ಹಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ; ಕೈಕಾಲು ಕಳೆದುಕೊಂಡ ವಿಕ್ರಮರಾಜನು ಗಾಣದ ಮೇಲೆ ಕುಳಿತು ಎತ್ತು ಹೊಡೆಯುವ ಭಾಗ ಬಂದಾಗ, ಸಾಲದಲ್ಲಿ ಮುಳುಗಿದ ಮನೆಯ ಯಜಮಾನ ವಲ್ಲಿಯ ತುದಿಯಿಂದ ಕಣ್ಣೊರಸಿಕೊಳ್ಳುತ್ತಾನೆ. ಶನಿದೇವರನ್ನು ಅಲ್ಲಿ ಯಾರೂ ನಟಿಸಿ ತೋರಿಸುವುದಿಲ್ಲ. ಪಟವೊಂದಿರುತ್ತದೆ, ದೀಪವಿರುತ್ತದೆ, ಕೇಳುವವನ ಕಷ್ಟವಿರುತ್ತದೆ; ಉಳಿದುದನ್ನು ಅವನೇ ತರುತ್ತಾನೆ.

ಮುಂದಿನ ಸಾಲಿನ ವೃದ್ಧೆಯ ನಮಸ್ಕಾರಕ್ಕೆ ನಾನು ಕೊಡಬಲ್ಲ ಉತ್ತರವೂ ಇದೇ. ರಕ್ತ ಒಸರುವುದಕ್ಕೆ ಮೊದಲೇ ಕೈಮುಗಿದ ಆಕೆಗೆ ಶಿವನನ್ನು ಕೊಟ್ಟದ್ದು ಆ ಚಿತ್ರವಲ್ಲ. ಆಕೆ ಮನೆಯಿಂದ ತಂದಿದ್ದ ಶಿವನನ್ನು ಚಿತ್ರವು ಆ ಹೊತ್ತಿಗೆ ಸಾಲವಾಗಿ ಪಡೆದುಕೊಂಡಿತು. ಆ ನಮಸ್ಕಾರ ನಟನಿಗೂ ಸಲ್ಲಲಿಲ್ಲ, ವ್ಯರ್ಥವೂ ಆಗಲಿಲ್ಲ. ಆಕೆಯನ್ನು ಮೂಢಳೆಂದು ನಗುವ ವಿದ್ಯಾವಂತರು ಎಷ್ಟು ತಪ್ಪು ತಿಳಿದಿದ್ದಾರೋ, ಚಿತ್ರವೇ ಜನರಲ್ಲಿ ಧರ್ಮಜಾಗೃತಿಯನ್ನು ಉಂಟುಮಾಡಿತೆಂದು ಬೀಗುವವರೂ ಅಷ್ಟೇ ತಪ್ಪು ತಿಳಿದಿದ್ದಾರೆ. ಚಿತ್ರದ ಕೈಲಿರುವುದು ಭಕ್ತನನ್ನು ತೋರಿಸುವ ಶಕ್ತಿ. ದೇವರನ್ನು ತೋರಿಸುವ ಅಧಿಕಾರ ಅದಕ್ಕಿಲ್ಲ. 1976ರಲ್ಲಿ ಮುಸ್ತಫಾ ಅಕ್ಕಾದ್ ಅವರು ಇಸ್ಲಾಮಿನ ಉದಯವನ್ನು ಕುರಿತು ತೆಗೆದ ‘ದಿ ಮೆಸೇಜ್’ ಚಿತ್ರದಲ್ಲಿ ಪ್ರವಾದಿಯವರ ರೂಪವಿಲ್ಲ, ಧ್ವನಿಯೂ ಇಲ್ಲ. ಅವರ ಮಾತಿಗೆ ಓಗೊಡುವವರ ಮುಖಗಳು ಮಾತ್ರ ಉಂಟು. ಧಾರ್ಮಿಕ ನಿಷೇಧದಿಂದ ಬಂದ ಆ ನಿಯಮವು ಕಲೆಗೆ ಎಂಥ ಉಪಕಾರ ಮಾಡಿತೆಂಬುದು ನೋಡಿದವರಿಗೆ ಗೊತ್ತು. ಮೂರ್ತಿಪೂಜಕರಾದ ನಾವು ಆ ನಿಷೇಧವನ್ನು ಸ್ವೀಕರಿಸಬೇಕಾಗಿಲ್ಲ. ಅದರ ಹಿಂದಿನ ಸಂಕೋಚವನ್ನು ಮಾತ್ರ ಕಲಿಯಬಹುದು.

‘ಕಾಂತಾರ’ದ ಯಶಸ್ಸನ್ನು ನೋಡಿ ಪ್ರತಿಯೊಂದು ಸೀಮೆಯ ದೈವವನ್ನೂ ಚಿತ್ರವಾಗಿಸುವ ಉತ್ಸಾಹ ಹಬ್ಬುವ ಲಕ್ಷಣಗಳಿರುವುದರಿಂದ, ನಾಳೆ ಯಾರಾದರೂ ಜುಂಜಪ್ಪನನ್ನು ಅರಸಿಕೊಂಡು ಸಿರಾದ ಬಯಲಿಗೆ ಬಂದಾರು. ಬರಲಿ, ಅದು ಹಾಡಾಗಿ ಉಳಿದಿರುವ ದೊಡ್ಡ ಕಥೆ. ಆದರೆ ಬರುವವರು ಮೊದಲು ಗೊಲ್ಲರಹಟ್ಟಿಯ ಹಿರಿಯರ ಒಪ್ಪಿಗೆಯನ್ನು ಕೇಳಬೇಕು, ಗಣೆಯ ಹಾಡನ್ನು ಒಂದು ರಾತ್ರಿಯಾದರೂ ಪೂರ್ತಿಯಾಗಿ ಕೂತು ಕೇಳಬೇಕು, ಮತ್ತು ಕ್ಯಾಮೆರಾವನ್ನು ಜುಂಜಪ್ಪನ ಕಡೆಗಲ್ಲದೆ ಅವನನ್ನು ಹಾಡುತ್ತಿರುವವರ ಕಡೆಗೆ ತಿರುಗಿಸಬೇಕು.