ಹುಲಿಯ ಕಾಡು, ಮನುಷ್ಯನ ಋಣ

ಕಡೂರಿನ ಬಯಲಿನಲ್ಲಿ ನಿಂತು ಪಡುವಣ ದಿಕ್ಕಿಗೆ ಕಣ್ಣೆತ್ತಿದವನಿಗೆ ಬಾಬಾಬುಡನ್‌ಗಿರಿಯ ಸಾಲು ತೋರುತ್ತದೆ. ಆ ಗಿರಿಗಳ ಮಡಿಲಿನ ಜಾಗರ ಕಣಿವೆಯನ್ನು 1951ರಲ್ಲಿ ಮೈಸೂರು ಸರ್ಕಾರವು ವನ್ಯಜೀವಿಗಳಿಗಾಗಿ ಮೀಸಲಿಟ್ಟಿತು. 1974ರಲ್ಲಿ ತರೀಕೆರೆ ಕಡೆಯ ಲಕ್ಕವಳ್ಳಿಯ ಕಾಡೂ ಅದರೊಡನೆ ಕೂಡಿ ಭದ್ರಾ ಅಭಯಾರಣ್ಯವೆಂಬ ಹೆಸರಾಯಿತು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಸುಮಾರು 500 ಚದರ ಕಿಲೋಮೀಟರಿನ ಈ ಕಾಡು ಧರ್ಮಜಿಜ್ಞಾಸೆಯ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಮನುಷ್ಯನನ್ನು ಎಬ್ಬಿಸಿ ಮೃಗಕ್ಕೆ ಎಡೆಮಾಡಿಕೊಡುವುದು ನ್ಯಾಯವೇ?

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹುಲಿಯನ್ನು ಕೊಂದವನಿಗೆ ಸರ್ಕಾರದ ಇನಾಮು ದೊರೆಯುತ್ತಿತ್ತು. ಕೆನೆತ್ ಆಂಡರ್ಸನ್ನನು 1954ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದಲ್ಲಿ ಕಡೂರು ಸೀಮೆಯ ಎಮ್ಮೆದೊಡ್ಡಿಯ ನರಭಕ್ಷಕ ಹುಲಿಗೇ ಒಂದು ಅಧ್ಯಾಯವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅದೇ ಬೇಟೆಯು ಅಪರಾಧವಾಯಿತು. ಹಾಗಾದರೆ ಧರ್ಮವೇ ತಲೆಕೆಳಗಾಯಿತೆ? ಇಲ್ಲ. ದುರ್ಬಲನ ಪಕ್ಷವನ್ನು ವಹಿಸತಕ್ಕದ್ದೆಂಬ ಧರ್ಮವು ಹಾಗೆಯೇ ಇದೆ. ದುರ್ಬಲನು ಯಾರೆಂಬುದು ಮಾತ್ರ ಬದಲಾಗಿದೆ. 2006ರ ಎಣಿಕೆಯಲ್ಲಿ ಇಡೀ ಭಾರತಕ್ಕೆ ಸಿಕ್ಕಿದ್ದು 1,411 ಹುಲಿಗಳ ಅಂದಾಜು. ರಕ್ಷಣೆಯ ಫಲವಾಗಿ 2022ರಲ್ಲಿ ಅದು 3,682ಕ್ಕೆ ಏರಿತು. ಅದರಲ್ಲಿ ಕರ್ನಾಟಕದ ಪಾಲು 563.

ಅಜ್ಜಂಪುರವು ಅಮೃತಮಹಲ್ ತಳಿಯ ಹಸುಗಳನ್ನು ಸಾಕಿದ ಊರು. ಇಲ್ಲಿಯ ಜನ ಹುಲಿಗಿಂತ ಹಸುವಿನ ಕಡೆಗೇ ಒಲಿಯುವುದು ಸಹಜ. ‘ಗೋವಿನ ಹಾಡಿ’ನ ಹುಲಿಯು ಪುಣ್ಯಕೋಟಿಯ ಸತ್ಯಕ್ಕೆ ನಾಚಿ ಪ್ರಾಣವನ್ನೇ ಬಿಡುತ್ತದೆ. ಆದರೆ ಕಾಡಿನ ಹುಲಿಗೆ ವಚನವೂ ಇಲ್ಲ, ನಾಚಿಕೆಯೂ ಇಲ್ಲ. ಅದು ಹಸಿವಿಗೆ ತಕ್ಕಂತೆ ನಡೆಯುತ್ತದೆ. ಮಾತು ಕೊಡುವುದು, ಕೊಟ್ಟ ಮಾತಿಗೆ ಕಟ್ಟುಬೀಳುವುದು ಮನುಷ್ಯನಿಗೆ ಮಾತ್ರ ಸಾಧ್ಯ. ಆದಕಾರಣ ಹುಲಿ ಮನುಷ್ಯರ ವ್ಯಾಜ್ಯದಲ್ಲಿ ಧರ್ಮದ ಭಾರವೆಲ್ಲ ಮನುಷ್ಯನ ಹೆಗಲಿನದೇ.

ಆ ಭಾರವನ್ನು ನಿಜವಾಗಿ ಹೊತ್ತವರು ಯಾರು? 2001–02ರ ಸುಮಾರಿಗೆ ಭದ್ರಾ ಕಾಡಿನೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದು, ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ, ಉಳಿದವು ಕೆಳಗೂರಿನಲ್ಲಿ ನೆಲೆಸಿದವು. ಕಾಡಿನಲ್ಲಿ ಆನೆ ಹಂದಿಗಳಿಗೆ ಪೈರನ್ನು ಒಪ್ಪಿಸಿ, ಆಸ್ಪತ್ರೆಗೂ ಶಾಲೆಗೂ ದೂರವಾಗಿದ್ದವರಿಗೆ ನೀರಾವರಿಯ ಜಮೀನು, ಮನೆ, ದಾರಿ, ವಿದ್ಯುತ್ತು ದೊರೆತವು. ಇಂಥ ಸ್ಥಳಾಂತರಗಳಲ್ಲಿ ಇದು ಮೆಚ್ಚುಗೆ ಪಡೆದದ್ದೆಂಬುದು ದಿಟ. ಆದರೆ ಹುಟ್ಟಿದ ನೆಲವನ್ನೂ ಹಿರಿಯರ ಸಮಾಧಿಯನ್ನೂ ಅಳೆದು ಕೊಡುವ ಕೊಳಗವು ಯಾವ ಕಚೇರಿಯಲ್ಲಿಯೂ ಇಲ್ಲ. ಅವರು ಬಿಟ್ಟುಬಂದ ಗದ್ದೆಗಳು ಹುಲ್ಲುಗಾವಲಾದವು. ಜಿಂಕೆ ಕಾಟಿಗಳು ಅಲ್ಲಿ ಮೇಯತೊಡಗಿದವು. ಮೇವಿದ್ದಲ್ಲಿ ಜಿಂಕೆ, ಜಿಂಕೆಯಿದ್ದಲ್ಲಿ ಹುಲಿ.

ಲಾಭವು ಯಾರದು? ಕಾಡಿನ ತೊರೆಗಳೂ ಸೋಮವಾಹಿನಿಯೂ ಭದ್ರೆಯನ್ನು ಕೂಡುತ್ತವೆ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತ ನೀರು ಬಯಲಿನ ಗದ್ದೆ ತೋಟಗಳಿಗೆ ಹರಿಯುತ್ತದೆ. ಅಜ್ಜಂಪುರದ ಬಳಿ ಸುರಂಗವನ್ನು ಕೊರೆದು ಅದನ್ನು ಚಿತ್ರದುರ್ಗದ ಬರಸೀಮೆಗೂ ಒಯ್ಯುವ ಮೇಲ್ದಂಡೆ ಯೋಜನೆ ಬಂದಿದೆ. ಹುಲಿಗೂ ನೀರಿಗೂ ಏನು ನಂಟೆಂದು ಕೇಳುವವರಿಗೆ ಮಹಾಭಾರತದ ಉದ್ಯೋಗಪರ್ವದಲ್ಲಿಯೇ ಉತ್ತರವುಂಟು: ಕಾಡು ಹುಲಿಯನ್ನೂ ಹುಲಿ ಕಾಡನ್ನೂ ಕಾಯುತ್ತವೆಂಬ ತತ್ತ್ವವು ಅಲ್ಲಿ ಬರುತ್ತದೆ. ಹುಲಿಗಾಗಿ ಹಾಕಿದ ಕಾವಲು ಮರಕ್ಕೂ ಕಾವಲು, ಮರದ ಬುಡದ ಒರತೆಗೂ ಕಾವಲು.

ಆದರೂ ಹುಲಿಯನ್ನು ನೀರಿನ ಲೆಕ್ಕದಿಂದಲೇ ಬೆಲೆಕಟ್ಟುವುದು ವಿವೇಕವಲ್ಲ. ತಾನು ಸೃಷ್ಟಿಸಲಾರದ್ದನ್ನು ಅಳಿಸುವ ಅಧಿಕಾರವು ಮನುಷ್ಯನಿಗಿಲ್ಲ. ಹುಲಿಯನ್ನು ಉಳಿಸಲು ಇದೊಂದೇ ಕಾರಣ ಸಾಕು. ಅಂತೆಯೇ, ಎಲ್ಲರ ಪರವಾಗಿ ಕೆಲವರು ತೆತ್ತ ಬೆಲೆಯನ್ನು ಮರೆಯುವ ಅಧಿಕಾರವೂ ಯಾರಿಗೂ ಇಲ್ಲ. ಮನೆ ಬಿಟ್ಟವನನ್ನು ಮರೆತು ಹುಲಿಯನ್ನು ಹೊಗಳುವುದು ಅರ್ಧ ಧರ್ಮ. ಅವನ ಹೆಸರು ಹೇಳಿಕೊಂಡು ಕಾಡನ್ನು ಕಡಿಯುವುದು ಅಧರ್ಮ. ತರೀಕೆರೆಯ ತೋಟಕ್ಕೆ ನೀರು ಹಾಯಿಸುವ ಗೃಹಸ್ಥನು ಎಂ.ಸಿ. ಹಳ್ಳಿಯ ಒಕ್ಕಲನ್ನೂ ನೆನೆಯತಕ್ಕದ್ದು. ಅವನ ಮಕ್ಕಳ ಶಾಲೆ, ಅವನ ಜಮೀನಿನ ಕಾಲುವೆ ಕೆಡದಂತೆ ನೋಡುವುದೂ ಹುಲಿಯ ರಕ್ಷಣೆಯ ಒಂದು ಭಾಗವೇ ಸರಿ.