ಛದ್ಮವೇಷವೂ ಸಂಕಲ್ಪವೂ

ಮಕ್ಕಳಿಗೆ ಬಗೆಬಗೆಯ ಉಡುಪು ತೊಡಿಸಿ ವೇದಿಕೆಯ ಮೇಲೆ ನಿಲ್ಲಿಸುವ ಸ್ಪರ್ಧೆಗೆ ಕನ್ನಡದಲ್ಲಿ ‘ಛದ್ಮವೇಷ’ ಎಂಬ ಹೆಸರು ರೂಢಿಯಾಗಿದೆ. ಛದ್ಮವೆಂದರೆ ಮರೆ, ಮುಸುಕು, ಕಪಟ. ಜೈನ ಪರಿಭಾಷೆಯ ಪರಿಚಯವಿರುವ ವಾಚಕರಿಗೆ ಈ ಶಬ್ದ ಕಿವಿಗೆ ಬಿದ್ದೊಡನೆ ‘ಛದ್ಮಸ್ಥ’ ಎಂಬ ಮತ್ತೊಂದು ಶಬ್ದ ನೆನಪಾಗದಿರದು. ಕೇವಲಜ್ಞಾನ ಉದಯಿಸುವವರೆಗೆ ಆವರಣಗಳ ಮುಸುಕಿನೊಳಗಿರುವ ಜೀವವೇ ಛದ್ಮಸ್ಥ. ಅಲ್ಲಿಗೆ ಸ್ಪರ್ಧೆಯಲ್ಲಿ ನಿಂತ ಬಾಲಕನೂ, ಅವನಿಗೆ ಅಂಕ ಕೊಡಲು ಕುಳಿತ ತೀರ್ಪುಗಾರರೂ, ಚಪ್ಪಾಳೆ ತಟ್ಟುವ ತಂದೆತಾಯಿಗಳೂ ಸಮಾನವಾಗಿ ಛದ್ಮದಲ್ಲಿರುವವರೇ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮೆಗಳನ್ನು ಹೇಳುವಾಗ ನಾಮಕರ್ಮವನ್ನು ಚಿತ್ರಕಾರನಿಗೆ ಹೋಲಿಸಿದ್ದಾರೆ. ಒಂದೇ ಜೀವಕ್ಕೆ ಒಮ್ಮೆ ಆನೆಯ, ಒಮ್ಮೆ ಇರುವೆಯ, ಒಮ್ಮೆ ಮನುಷ್ಯನ ಆಕಾರವನ್ನು ಬರೆಯುವವನು ಆ ಚಿತ್ರಕಾರನು.

ಆದರೆ ದೇಹವೆಂಬ ವೇಷ ಹಿಂದೆ ಕಟ್ಟಿದ ಕರ್ಮದ ಫಲವಾಗಿ ಬಂದದ್ದು. ಹಬ್ಬದ ವೇಷವಾದರೋ ಅಂಗಡಿಯಿಂದ ತಂದು, ಕನ್ನಡಿಯ ಮುಂದೆ ನಿಂತು, ತಿಳಿದೇ ತೊಟ್ಟದ್ದು. ಹೀಗೆ ತಿಳಿದು ತೊಟ್ಟ ವೇಷಕ್ಕೆ ತೊಟ್ಟವನು ಎಷ್ಟರಮಟ್ಟಿಗೆ ಹೊಣೆಗಾರ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸುಲಭವಾದ ಉತ್ತರಗಳು ದೊರೆಯುತ್ತವೆ. ‘ಅದು ಬರಿಯ ಆಟ, ಅದರಲ್ಲಿ ಪುಣ್ಯಪಾಪಗಳ ವಿಚಾರವೇಕೆ’ ಎಂಬುದು ಒಂದು. ‘ವೇಷವೆಲ್ಲ ಮಾಯಾಚಾರ, ಮಾಯೆ ನಾಲ್ಕು ಕಷಾಯಗಳಲ್ಲೊಂದು, ಆದುದರಿಂದ ತ್ಯಾಜ್ಯ’ ಎಂಬುದು ಇನ್ನೊಂದು. ಎರಡೂ ಪೂರ್ತಿಯಾಗಿ ಒಪ್ಪತಕ್ಕವಲ್ಲ.

ಎರಡನೆಯದನ್ನೇ ಮೊದಲು ನೋಡಬಹುದು. ಮಾಯಾಚಾರವಾಗಬೇಕಾದರೆ ಮೋಸಹೋಗುವವನೊಬ್ಬನಿರಬೇಕು. ದಸರೆಯ ದಿನಗಳಲ್ಲಿ ಮಂಗಳೂರಿನ ಬೀದಿಗಳಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡು ತಾಸೆಯ ಬಡಿತಕ್ಕೆ ಕುಣಿಯುವ ಹುಲಿವೇಷದವರನ್ನು ಕಂಡು ನಿಜವಾದ ಹುಲಿಯೇ ಬಂತೆಂದು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಅಮೆರಿಕೆಯಲ್ಲಿ ಪ್ರೇತ, ಅಸ್ಥಿಪಂಜರಗಳ ವೇಷ ತೊಟ್ಟು ಮನೆಮನೆಗೆ ಬರುವ ಮಕ್ಕಳಿಗೆ ಮಿಠಾಯಿ ಕೊಡುವ ಗೃಹಿಣಿಗೂ ಅದು ನೆರೆಮನೆಯ ಹುಡುಗನೆಂದು ಗೊತ್ತು. ಅಲ್ಲಿ ನೆಲೆಸಿದ ಜೈನ ಕುಟುಂಬಗಳ ಹಿರಿಯರು ಈ ಪ್ರೇತವೇಷಕ್ಕೆ ಅಂಜಬೇಕಾದ ಕಾರಣ ಕಾಣುವುದಿಲ್ಲ. ಸಾವಿನ ಭಯವನ್ನು ಒಂದು ಸಂಜೆಯ ಮಟ್ಟಿಗೆ ನಗುವಾಗಿಸುವ ಆಟವದು. ಮಿಠಾಯಿಯಲ್ಲಿ ಪ್ರಾಣಿಜನ್ಯವಾದ ಜೆಲಾಟಿನ್ ಸೇರಿದೆಯೋ ಇಲ್ಲವೋ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ಯೆಹೂದ್ಯರ ಪೂರಿಮ್ ಹಬ್ಬದಲ್ಲಿಯೂ ವೇಷಧಾರಣೆಯ ಸಂಪ್ರದಾಯವಿದೆ. ಗಂಡಸರು ಹೆಂಗಸರ ಉಡುಪನ್ನು ಧರಿಸಕೂಡದೆಂದು ಅವರ ಧರ್ಮಗ್ರಂಥ ವಿಧಿಸುತ್ತದೆ. ಆದರೂ ಇಟಲಿಯ ಪಾದುವಾ ನಗರದಲ್ಲಿದ್ದು 1508ರಲ್ಲಿ ತೀರಿಕೊಂಡ ರಬ್ಬಿ ಯೆಹೂದಾ ಮಿಂಟ್ಸ್, ಆ ಹಬ್ಬದ ದಿನ ಸಂತೋಷಕ್ಕಾಗಿ ಹಾಗೆ ಧರಿಸುವುದು ದೋಷವಲ್ಲವೆಂದು ತೀರ್ಪಿತ್ತರು. ಕ್ರಿಯೆಯನ್ನಲ್ಲದೆ ಅದರ ಹಿಂದಿನ ಉದ್ದೇಶವನ್ನು ತೂಗಿದ ಈ ತೀರ್ಪು ಜೈನ ಶ್ರಾವಕರಿಗೆ ಅಪರಿಚಿತವೆನಿಸದು.

ವೆನಿಸ್ ನಗರದ ಕಾರ್ನಿವಾಲ್‌ನ ಕಥೆ ಮಾತ್ರ ಇವುಗಳಿಂದ ಭಿನ್ನ. 18ನೆಯ ಶತಮಾನದಲ್ಲಿ ಅಲ್ಲಿ ವರ್ಷದ ಹಲವು ತಿಂಗಳು ಮುಖವಾಡ ಧರಿಸಿ ತಿರುಗಾಡುವುದು ರೂಢಿಯಾಗಿತ್ತು. ಮುಖಕ್ಕೆ ಬಿಳಿಯ ಕವಚ, ಮೈಗೆ ಕರಿಯ ನಿಲುವಂಗಿ, ತಲೆಗೆ ಮೂರು ಮೂಲೆಯ ಟೋಪಿ. ‘ಬಾವುತಾ’ ಎಂಬ ಈ ವೇಷದಲ್ಲಿ ಶ್ರೀಮಂತನಾರು, ಸಾಮಾನ್ಯನಾರು ಎಂದು ಗುರುತಿಸುವುದು ಅಸಾಧ್ಯ. ಎದುರಾದವರನ್ನು ಪದವಿಯಿಂದ ಕರೆಯದೆ ‘ಮುಖವಾಡದವರೇ’ ಎಂಬರ್ಥದ ಮಾತಿನಿಂದಲೇ ಸಂಬೋಧಿಸುತ್ತಿದ್ದರು. ಮೇಲುಕೀಳುಗಳನ್ನು ತಾತ್ಕಾಲಿಕವಾಗಿಯಾದರೂ ಅಳಿಸಿದ ವೇಷವೆಂದು ಇದನ್ನು ಮೆಚ್ಚಬಹುದು. ಆದರೆ ಅದೇ ನಗರದಲ್ಲಿ 1638ರಲ್ಲಿ ಸರ್ಕಾರದ ಅನುಮತಿಯಿಂದ ‘ರಿದೋತ್ತೊ’ ಎಂಬ ಸಾರ್ವಜನಿಕ ಜೂಜುಮನೆ ತೆರೆಯಿತು. ಅಲ್ಲಿ ಆಡಲು ಬರುವವರು ಮುಖವಾಡ ಧರಿಸಿರಬೇಕೆಂದೂ ಮೇಜಿನ ಬಳಿ ಹಣ ಹಿಡಿದು ಕುಳಿತ ಕುಲೀನರು ಮಾತ್ರ ಮುಖ ತೆರೆದಿರಬೇಕೆಂದೂ ನಿಯಮವಿತ್ತು. ಮುಖ ಮುಚ್ಚಿದವನಿಗೆ ಸೋಲಿನ ಲಜ್ಜೆ ಇಲ್ಲ. ಲಜ್ಜೆ ಇಲ್ಲದವನ ಕೈ ಚೀಲದ ತಳ ಮುಟ್ಟುವವರೆಗೂ ನಿಲ್ಲುವುದಿಲ್ಲ. ಲೆಕ್ಕ ಬಲ್ಲ ಯಾವ ವ್ಯಾಪಾರಿಗೂ ಈ ಏರ್ಪಾಡಿನಿಂದ ಲಾಭ ಯಾರಿಗೆಂದು ವಿವರಿಸಬೇಕಾಗಿಲ್ಲ. ಕಡೆಗೆ ಕುಟುಂಬಗಳು ದಿವಾಳಿಯಾಗುವುದನ್ನು ಕಂಡು 1774ರಲ್ಲಿ ಆ ಜೂಜುಮನೆಯನ್ನು ಮುಚ್ಚಿದರು. 1797ರಲ್ಲಿ ನೆಪೋಲಿಯನ್ನನ ಮುಂದೆ ಗಣರಾಜ್ಯವೇ ಅಳಿಯಿತು. ಇಂದು ಪ್ರವಾಸಿಗಳು ಕಾಣುವ ಕಾರ್ನಿವಾಲ್ 1970ರ ದಶಕದ ಕೊನೆಯಲ್ಲಿ ಪುನಃ ಆರಂಭವಾದದ್ದು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸುವ ಶ್ರಾವಕಾಚಾರದ ದೃಷ್ಟಿಯಿಂದ ಹೇಳುವುದಾದರೆ, ಅಲ್ಲಿ ಕೆಟ್ಟದ್ದು ವೇಷವಲ್ಲ, ವೇಷದ ಮರೆಯಲ್ಲಿ ಹೊಣೆಯನ್ನು ಕಳಚಿಟ್ಟದ್ದು.

ಇನ್ನು ‘ಬರಿಯ ಆಟ’ ಎಂಬ ಉತ್ತರ. ಇದಕ್ಕೆ ಕನ್ನಡದ ಜೈನಕಾವ್ಯವೇ ಬಹುಹಿಂದೆ ಆಕ್ಷೇಪವೆತ್ತಿದೆ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯ ಕಥೆ ಬಲ್ಲವರಿಗೆ ಹೊಸದಲ್ಲ. ದುಃಸ್ವಪ್ನದ ಪರಿಹಾರಕ್ಕಾಗಿ ದೇವಿಗೆ ಜೀವಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ತಾಯಿಯ ಮಾತನ್ನು ಪೂರ್ತಿ ಮೀರಲಾರದೆ ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯಲು ಸಮ್ಮತಿಸುತ್ತಾನೆ. ಹಿಟ್ಟಿಗೆ ಕೋಳಿಯ ವೇಷ, ಪ್ರಾಣವಿಲ್ಲ, ರಕ್ತವಿಲ್ಲ. ಆದರೂ ತಾಯಿಮಗನಿಬ್ಬರೂ ಆ ಒಂದು ಸಂಕಲ್ಪದ ಫಲವಾಗಿ ಪಶುಪಕ್ಷಿಗಳ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಹಾನಿ ಯಾರಿಗೂ ಆಗಲಿಲ್ಲ, ಆದರೆ ಕೊಲ್ಲುವ ಭಾವ ಪೂರ್ಣವಾಗಿತ್ತು. ಬಂಧಕ್ಕೆ ಅಷ್ಟು ಸಾಕಾಯಿತು.

ಉತ್ತರ ಭಾರತದ ಜೈನರಲ್ಲಿ ಪ್ರಚಲಿತವಾಗಿರುವ ಬ್ರಹ್ಮಗುಲಾಲನ ಕಥೆಯೂ ಇದೇ ಜಾಡಿನದು. ಅವನೊಬ್ಬ ಬಹುರೂಪಿ. ಸಿಂಹದ ವೇಷದಲ್ಲಿ ಆಸ್ಥಾನಕ್ಕೆ ಬಂದವನನ್ನು ಕೆಣಕಿದಾಗ ವೇಷದ ಆವೇಶದಲ್ಲಿ ರಾಜಕುಮಾರನ ಮೇಲೆರಗಿ ಅವನ ಸಾವಿಗೆ ಕಾರಣನಾಗುತ್ತಾನೆ. ಅನಂತರ ರಾಜನು, ದಿಗಂಬರ ಮುನಿಯ ವೇಷದಲ್ಲಿ ಬಂದು ತನ್ನ ಶೋಕವನ್ನು ಶಮನಗೊಳಿಸೆಂದು ಅಪ್ಪಣೆ ಮಾಡುತ್ತಾನೆ. ಬ್ರಹ್ಮಗುಲಾಲನು ಪಿಂಛಿ ಕಮಂಡಲುಗಳನ್ನು ಹಿಡಿದು ಬಂದು ಉಪದೇಶಿಸುತ್ತಾನೆ. ರಾಜನು ಸಂತುಷ್ಟನಾಗಿ ಬಹುಮಾನ ಕೊಡಹೋದರೆ ಅವನು ಸ್ವೀಕರಿಸುವುದಿಲ್ಲ. ಮನೆಯವರು ಕರೆದರೆ ಹಿಂದಿರುಗುವುದಿಲ್ಲ. ಉಳಿದ ವೇಷಗಳನ್ನು ಸಂಜೆಗೆ ಕಳಚಿಡಬಹುದು, ಇದನ್ನು ಹಾಗೆ ಕಳಚಲಾಗದೆಂದು ಕಾಡಿಗೆ ನಡೆಯುತ್ತಾನೆ.

ಇಲ್ಲಿಯವರೆಗೆ ನೋಡಿದುದರಿಂದ ‘ಭಾವವೇ ಪ್ರಮಾಣ, ಹೊರಗಿನದು ಲೆಕ್ಕಕ್ಕಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಪ್ರವಚನಗಳಲ್ಲಿಯೂ ಈ ಮಾತು ಆಗಾಗ ಕೇಳಿಬರುತ್ತದೆ. ಆದರೆ ಈ ತೀರ್ಮಾನವನ್ನು ಪರೀಕ್ಷೆಗೊಡ್ಡುವ ಹಬ್ಬವೊಂದು ಹಾಲೆಂಡಿನಲ್ಲಿದೆ.

ಡಿಸೆಂಬರ್ 5ರ ಸಂಜೆ ಅಲ್ಲಿಯ ಮಕ್ಕಳಿಗೆ ಉಡುಗೊರೆ ತರುವವನು ಸಿಂಟರ್‌ಕ್ಲಾಸ್ ಎಂಬ ಬಿಳಿಗಡ್ಡದ ಸಂತ. ನವೆಂಬರ್ ಮಧ್ಯದಲ್ಲಿ ಅವನು ಹಡಗಿನಲ್ಲಿ ಬಂದಿಳಿಯುವುದನ್ನು ಇಡೀ ದೇಶ ದೂರದರ್ಶನದಲ್ಲಿ ನೋಡುತ್ತದೆ. 1850ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಾನ್ ಸ್ಕೆಂಕ್‌ಮನ್ ಎಂಬ ಶಾಲಾ ಉಪಾಧ್ಯಾಯರು ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲಿ ಈ ಸಂತನಿಗೆ ಒಬ್ಬ ಕರಿಯ ಸೇವಕನಿದ್ದನು. ಕಾಲಕ್ರಮದಲ್ಲಿ ಆ ಸೇವಕನು ‘ಜ್ವಾರ್ತೆ ಪೀಟ್’, ಎಂದರೆ ಕಪ್ಪು ಪೀಟ್, ಎಂಬ ಪಾತ್ರವಾಗಿ ಬೆಳೆದನು. ಬಿಳಿಯ ಜನ ಮುಖಕ್ಕೆ ಮಸಿ ಬಳಿದು, ತುಟಿಗೆ ದಪ್ಪನಾಗಿ ಕೆಂಪು ಹಚ್ಚಿ, ಗುಂಗುರು ಕೂದಲಿನ ಟೋಪನ್ ತೊಟ್ಟು ಬೀದಿಯಲ್ಲಿ ಮಕ್ಕಳನ್ನು ನಗಿಸುತ್ತ ನಡೆಯುವುದು ತಲೆಮಾರುಗಳ ಸಂಪ್ರದಾಯವಾಯಿತು. ಆ ಪುಸ್ತಕ ಪ್ರಕಟವಾದಾಗ ಡಚ್ಚರ ವಸಾಹತುವಾದ ಸುರಿನಾಮಿನ ಕಬ್ಬಿನ ತೋಟಗಳಲ್ಲಿ ಆಫ್ರಿಕನ್ ಮೂಲದವರು ಗುಲಾಮರಾಗಿ ದುಡಿಯುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಗುಲಾಮಗಿರಿ ರದ್ದಾದದ್ದು 1863ರಲ್ಲಿ. ಅನಂತರವೂ ಹತ್ತು ವರ್ಷ ಅವರು ಕಡ್ಡಾಯವಾಗಿ ದುಡಿಯಬೇಕಾಯಿತು. ಆ ಅವಧಿ ಮುಗಿದ 1873ರಲ್ಲಿಯೇ ‘ಲಲ್ಲಾ ರೂಖ್’ ಎಂಬ ಹಡಗು ಭಾರತದಿಂದ ಕರಾರಿನ ಕೂಲಿಗಳನ್ನು ಅಲ್ಲಿಗೆ ಒಯ್ದಿತು. ಹೀಗೆ ಆ ದೇಶದ ಲೆಕ್ಕದ ಪುಸ್ತಕದಲ್ಲಿ ಭಾರತೀಯರ ಹೆಸರೂ ಒಂದು ಪುಟದಲ್ಲಿದೆ.

ಮುಖಕ್ಕೆ ಮಸಿ ಬಳಿದವರ ಮನಸ್ಸಿನಲ್ಲಿ ದ್ವೇಷವಿತ್ತೆ? ಬಹುಪಾಲು ಜನರಲ್ಲಿ ಇರಲಿಲ್ಲವೆಂದು ಒಪ್ಪಬೇಕು. ಮಕ್ಕಳನ್ನು ಸಂತೋಷಪಡಿಸುವುದೇ ಅವರ ಉದ್ದೇಶ. ಚಿಮಣಿಯಲ್ಲಿ ಇಳಿದು ಬಂದದ್ದರಿಂದ ಪೀಟನ ಮುಖ ಕಪ್ಪಾಗಿದೆಯೆಂದು ಅವರು ವಿವರಣೆ ಕೊಡುತ್ತಿದ್ದರು. ಆದರೆ ಚಿಮಣಿಯ ಮಸಿ ತುಟಿಯನ್ನು ದಪ್ಪ ಮಾಡುವುದಿಲ್ಲ, ಕೂದಲನ್ನು ಗುಂಗುರು ಮಾಡುವುದಿಲ್ಲ. ಆ ನಗರಗಳಲ್ಲಿಯೇ ಹುಟ್ಟಿ ಬೆಳೆದ ಆಫ್ರಿಕನ್ ಮೂಲದ ಮಕ್ಕಳನ್ನು ಸಹಪಾಠಿಗಳು ‘ಪೀಟ್’ ಎಂದು ಕೂಗಿ ಹಾಸ್ಯ ಮಾಡುತ್ತಿದ್ದರು. 2011ರಲ್ಲಿ ಡೋರ್ಡ್‌ರೆಕ್ಟ್ ಪಟ್ಟಣದ ಉತ್ಸವದಲ್ಲಿ, ಇದು ಜನಾಂಗದ್ವೇಷವೆಂಬ ಬರಹದ ಅಂಗಿ ತೊಟ್ಟು ನಿಂತವರನ್ನು ಪೋಲೀಸರು ಬಲವಂತದಿಂದ ಬಂಧಿಸಿದರು. ವೇಷ ತೊಟ್ಟವರಿಗೆ ಬೀದಿ ತೆರೆದಿತ್ತು, ವೇಷದಿಂದ ನೊಂದವರಿಗೆ ಇರಲಿಲ್ಲ.

ಯಶೋಧರನ ಕಥೆಯಲ್ಲಿ ಹಾನಿಯಿಲ್ಲದೆ ಸಂಕಲ್ಪವಿತ್ತು. ಇಲ್ಲಿ ಸಂಕಲ್ಪವಿಲ್ಲದೆ ಹಾನಿಯಿದೆ. ಭಾವವೊಂದೇ ಪ್ರಮಾಣವಾದರೆ ಇಲ್ಲಿ ಯಾರೂ ದೋಷಿಗಳಲ್ಲ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಆರಿಸಿಕೊಂಡ ಶಬ್ದ ದ್ವೇಷವಲ್ಲ, ಪ್ರಮಾದ. ಪ್ರಮತ್ತಯೋಗದಿಂದ ಪ್ರಾಣಕ್ಕೆ ಬಾಧೆಯಾಗುವುದು ಹಿಂಸೆ. ಪ್ರಮಾದವೆಂದರೆ ಎಚ್ಚರಗೇಡಿತನ. ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿ ಅಕಸ್ಮಾತ್ತಾಗಿ ಜೀವಿಯೊಂದು ಸತ್ತರೆ ಬಂಧವಿಲ್ಲ. ನೋಡದೆ ನಡೆಯುವವನ ಕಾಲಡಿ ಏನೂ ಸಾಯದಿದ್ದರೂ ಬಂಧವುಂಟು. ‘ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ’ ಎಂಬ ಮಾತು ಅಷ್ಟರಿಂದಲೇ ಸಮಾಧಾನವಾಗಲಾರದು. ‘ನಾನು ನೋಡಿ ನಡೆದೆನೆ’ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಅದರಲ್ಲಿಯೂ ನೊಂದವನು ಬಂದು ‘ನೋವಾಗುತ್ತಿದೆ’ ಎಂದು ಹೇಳಿದ ಮೇಲೂ ಅದೇ ವೇಷವನ್ನು ಬರುವ ವರ್ಷವೂ ತೊಟ್ಟರೆ ಅದು ಪ್ರಮಾದದ ಎಲ್ಲೆಯನ್ನೂ ದಾಟಿ ಸಂಕಲ್ಪದ ಕಡೆಗೆ ವಾಲುತ್ತದೆ. ಮೊದಲ ವರ್ಷದ ಮಸಿಯೂ ಹತ್ತನೆಯ ವರ್ಷದ ಮಸಿಯೂ ಒಂದೇ ಡಬ್ಬಿಯದಾದರೂ ಖಾತೆಗೆ ಬರೆಯುವ ಮೊತ್ತ ಒಂದೇ ಅಲ್ಲ.

ಹಾಲೆಂಡಿನ ಜನ ಈ ಮಾತನ್ನು ಬಹಳ ಜಗಳದ ನಂತರವಾದರೂ ಬಹುಮಟ್ಟಿಗೆ ಕೇಳಿಸಿಕೊಂಡರು. 2019ರಲ್ಲಿ ಅಪೆಲ್ಡೋರ್ನ್ ನಗರದಲ್ಲಿ ನಡೆದ ರಾಷ್ಟ್ರೀಯ ಉತ್ಸವದಲ್ಲಿ ಪೀಟನ ಮುಖಕ್ಕೆ ಪೂರ್ತಿ ಕಪ್ಪಿನ ಬದಲು ಅಲ್ಲಲ್ಲಿ ಮಸಿಯ ಗೀರುಗಳಷ್ಟೇ ಇದ್ದವು. ಮೊದಲು ಈ ಸಂಪ್ರದಾಯದಲ್ಲಿ ತಪ್ಪೇನೆಂದು ಕೇಳುತ್ತಿದ್ದ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ, ನೊಂದವರ ಮಾತು ಕೇಳಿ ತಮ್ಮ ಅಭಿಪ್ರಾಯ ಬದಲಾಗಿದೆಯೆಂದು 2020ರ ಜೂನ್‌ನಲ್ಲಿ ಸಂಸತ್ತಿನಲ್ಲಿ ತಿಳಿಸಿದರು. 2022ರ ಡಿಸೆಂಬರ್‌ನಲ್ಲಿ ಗುಲಾಮಗಿರಿಗಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಮಕ್ಕಳಿಗೆ ಉಡುಗೊರೆಗಳು ಎಂದಿನಂತೆ ಬರುತ್ತಿವೆ. ಹಬ್ಬವೇನೂ ಅಳಿಯಲಿಲ್ಲ.

ಪರದೇಶದ ವೇಷಗಳನ್ನು ತೂಗಿದ ತಕ್ಕಡಿಯಲ್ಲಿ ಸ್ವಂತ ಸಮಾಜದವನ್ನೂ ಇಡುವುದು ನ್ಯಾಯ. ಪಂಚಕಲ್ಯಾಣ ಮಹೋತ್ಸವದಲ್ಲಿ ಶ್ರಾವಕ ಶ್ರಾವಕಿಯರು ಕಿರೀಟ, ಹಾರಗಳನ್ನು ಧರಿಸಿ ಇಂದ್ರ ಇಂದ್ರಾಣಿಯರಾಗುತ್ತಾರೆ. ಈ ಪದ್ಧತಿಯಲ್ಲಿ ಹಿರಿಯರು ತೋರಿದ ಸೂಕ್ಷ್ಮವನ್ನು ಗಮನಿಸಬೇಕು. ತೀರ್ಥಂಕರರ ವೇಷವನ್ನು ಯಾರಿಗೂ ಹಾಕುವುದಿಲ್ಲ. ತೊಟ್ಟಿಲಲ್ಲಿ ತೂಗುವುದೂ, ದೀಕ್ಷಾಕಲ್ಯಾಣಕ್ಕೆ ಒಯ್ಯುವುದೂ ಪ್ರತಿಮೆಯನ್ನೇ. ಮನುಷ್ಯನು ವೇಷ ತೊಡುವುದು ಪೂಜ್ಯನದಲ್ಲ, ಪೂಜಕನದು. ಇಂದ್ರನ ಸಕಲ ವೈಭವವನ್ನೂ ಮೈಮೇಲೆ ಹೇರಿಕೊಂಡು, ಏನೂ ಇಲ್ಲದ ಜಿನನ ಮುಂದೆ ತಲೆಬಾಗುವುದೇ ಅದರ ಅರ್ಥ. ಆದರೆ ಸೌಧರ್ಮೇಂದ್ರನ ಸ್ಥಾನಕ್ಕೆ ಸವಾಲು ಕೂಗಿ, ಹೆಚ್ಚು ಹಣ ಹೇಳಿದವರ ತಲೆಗೆ ಕಿರೀಟವಿಟ್ಟು, ಆ ಮೊತ್ತವನ್ನು ಧ್ವನಿವರ್ಧಕದಲ್ಲಿ ಮೂರು ಸಲ ಸಾರುವಾಗ ಬಾಗಬೇಕಾದ ತಲೆ ಎತ್ತಿ ನಿಲ್ಲುವ ಸಂಭವವೇ ಹೆಚ್ಚು. ದೇವಾಲಯಗಳ ಜೀರ್ಣೋದ್ಧಾರ ಈ ಹಣದಿಂದಲೇ ಆಗುತ್ತದೆಂಬ ಮಾತು ಸುಳ್ಳಲ್ಲ. ಮೊತ್ತವನ್ನು ಪುಸ್ತಕದಲ್ಲಿ ಬರೆದು, ಸಭೆಯಲ್ಲಿ ಸಾರದಿದ್ದರೆ ಜೀರ್ಣೋದ್ಧಾರವೇನೂ ನಿಲ್ಲದು.

ಮುನಿವೇಷದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮಹಾವೀರ ಜಯಂತಿಯ ಛದ್ಮವೇಷ ಸ್ಪರ್ಧೆಯಲ್ಲಿ ಪುಟ್ಟ ಬಾಲಕನ ಕೈಗೆ ಕಾಗದದ ಪಿಂಛಿ, ಪ್ಲಾಸ್ಟಿಕ್ ಕಮಂಡಲು ಕೊಟ್ಟು ನಿಲ್ಲಿಸಿದರೆ ಸಭೆ ನಗುತ್ತದೆ, ಛಾಯಾಚಿತ್ರ ತೆಗೆಯುತ್ತದೆ. ಬಾಲಕನಲ್ಲಿ ದೋಷವಿಲ್ಲ. ಆದರೆ ಭಾವವಿಲ್ಲದ ದ್ರವ್ಯಲಿಂಗ ನಿಷ್ಫಲವೆಂದು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಎಚ್ಚರಿಸಿದ್ದು ದೀಕ್ಷೆ ಪಡೆದವರನ್ನೇ. ಬಹುಮಾನದ ಬಟ್ಟಲಿಗಾಗಿ ಹತ್ತು ನಿಮಿಷ ಅದನ್ನು ಹಿಡಿಸುವ ಹಿರಿಯರಿಗೆ ಆ ಎಚ್ಚರಿಕೆ ಅನ್ವಯಿಸದೆಂದು ಹೇಳುವುದು ಕಷ್ಟ. ಪಿಂಛಿ ಉಡುಪಿನ ಭಾಗವಲ್ಲ, ಜೀವದಯೆಯ ಉಪಕರಣ. ಅದನ್ನು ಹಿಡಿಯುವುದು ವ್ರತ.

ಮಕ್ಕಳಿಗೆ ತೊಡಿಸಲು ಬೇರೆ ವೇಷಗಳಿಗೆ ಕೊರತೆಯಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯಿದ್ದಾಳೆ, ಚಾವುಂಡರಾಯನಿದ್ದಾನೆ. ಚಾವುಂಡರಾಯನು ತಂದ ರಾಶಿ ರಾಶಿ ಹಾಲಿನಿಂದಲೂ ಪೂರ್ಣವಾಗದ ಗೊಮ್ಮಟನ ಅಭಿಷೇಕವನ್ನು ಒಂದು ಗುಳ್ಳಕಾಯಿಯ ಹಾಲಿನಿಂದ ಪೂರ್ಣಗೊಳಿಸಿದ ಅಜ್ಜಿ ಇದ್ದಾಳೆ. ಕೂಷ್ಮಾಂಡಿನೀ ದೇವಿಯೇ ಅವನ ಗರ್ವವನ್ನು ಇಳಿಸಲು ಬಡ ಮುದುಕಿಯ ವೇಷದಲ್ಲಿ ಬಂದಿದ್ದಳೆಂದು ಐತಿಹ್ಯವಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿಗೆ ಆ ಅಜ್ಜಿಯ ಶಿಲ್ಪ ಇಂದಿಗೂ ಗುಳ್ಳಕಾಯಿ ಹಿಡಿದು ನಿಂತಿದೆ. ಆ ಪಾತ್ರಕ್ಕೆ ಒಂದು ಹಳೆಯ ಸೀರೆ ಸಾಕು. ಅದಕ್ಕೆ ಸವಾಲು ಕೂಗುವವರು ಯಾರೂ ಇಲ್ಲ.